ಲೈಸೆನ್ಸಿಗೂ ಹಾಜರಾತಿಗೂ ಗಂಟು ಹಾಕುವುದು ಬೇಡ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಶಿವಮೊಗ್ಗದ ತಾಯಿಯೊಬ್ಬರು ಬರೆದ ಪತ್ರವನ್ನು ಎರಡು ಸಲ ಓದಿದೆ. ಕಾಲೇಜಿಗೆಂದು ಮನೆ ಬಿಟ್ಟ ಹುಡುಗರು ಬೈಕು ಹತ್ತಿ ಗಾಜನೂರು, ಸಕ್ರೆಬೈಲು, ಮಂಡಗದ್ದೆ ಎಂದು ತಿರುಗುತ್ತಿದ್ದಾರೆ, ಶೇ 75ರಷ್ಟು ಹಾಜರಾತಿ ಇಲ್ಲದವರಿಗೂ ಪರೀಕ್ಷೆಯಲ್ಲಿ ನಪಾಸಾದವರಿಗೂ ಚಾಲನಾ ಪರವಾನಗಿ ಕೊಡಬಾರದು, ಕೊಟ್ಟಿದ್ದರೆ ವಾಪಸು ಪಡೆಯಬೇಕು, ಅಮೆರಿಕದಲ್ಲಿ ಇಂಥ ಕಾನೂನೇ ಇದೆ ಎಂಬುದು ಅವರ ವಾದ. ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಪದವಿಪೂರ್ವ ಕಾಲೇಜುಗಳಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿ, ಅದರಲ್ಲಿ ಹೆಚ್ಚಿನ ವರ್ಷ ಹಾಜರಾತಿ ಪುಸ್ತಕದ ಉಸ್ತುವಾರಿಯನ್ನೂ ಹೊತ್ತವನಾಗಿ, ಆ ತಾಯಿಯ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಮಗ ಮನೆಗೆ ಬರುವುದು ಅರ್ಧ ಗಂಟೆ ತಡವಾದರೆ ಜಗಲಿಯಲ್ಲಿ ಕೂರಲಾಗದೆ ನಿಲ್ಲಲಾಗದೆ ರಸ್ತೆಯ ಕಡೆ ನೋಡುವ ತಂದೆತಾಯಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆದರೂ ಅವರು ಸೂಚಿಸಿದ ಮದ್ದು ನಮ್ಮ ಮಲೆನಾಡಿನ ಮಕ್ಕಳಿಗೆ ಒಳಿತಿಗಿಂತ ಕೆಡುಕನ್ನೇ ಹೆಚ್ಚು ಮಾಡುತ್ತದೆ ಎಂದು ನನಗೆ ಖಚಿತವಾಗಿ ಅನ್ನಿಸಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಆ ಕಾನೂನಿನ ವಿಷಯ. ಅಮೆರಿಕದಲ್ಲಿ ಪರವಾನಗಿ ಕೊಡುವ ಅಧಿಕಾರ ಆಯಾ ರಾಜ್ಯಗಳದ್ದು. 1988ರಲ್ಲಿ ವೆಸ್ಟ್ ವರ್ಜೀನಿಯಾ ರಾಜ್ಯವು ಶಾಲೆ ಬಿಟ್ಟ ಹದಿನೆಂಟರೊಳಗಿನ ಮಕ್ಕಳ ಪರವಾನಗಿಯನ್ನು ತಡೆಹಿಡಿಯುವ ಕಾನೂನು ತಂದಿತು. ಸರಿಯಾದ ಕಾರಣವಿಲ್ಲದೆ ಸತತವಾಗಿ ಹತ್ತು ದಿನ ಮೀರಿ, ಇಲ್ಲವೇ ಒಟ್ಟಾರೆ ಹದಿನೈದು ದಿನ ಮೀರಿ ಗೈರಾದರೆ ಅಲ್ಲಿ ಶಾಲೆ ಬಿಟ್ಟಂತೆಯೇ ಲೆಕ್ಕ. ಬಳಿಕ ಟೆನೆಸ್ಸಿ, ಕೆಂಟುಕಿ ಮೊದಲಾದ ರಾಜ್ಯಗಳೂ ಅದೇ ಹಾದಿ ಹಿಡಿದವು, ಕೆಲವು ರಾಜ್ಯಗಳು ಹಾಜರಾತಿಯ ಜೊತೆಗೆ ಪಾಸಾಗುವ ಷರತ್ತನ್ನೂ ಸೇರಿಸಿದವು. ಈ ಕಾನೂನುಗಳಿಂದ ಪ್ರಯೋಜನವೇ ಆಗಿಲ್ಲ ಎಂದು ನಾನು ಹೇಳುವುದಿಲ್ಲ. ಅಲ್ಲಿನ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನದಲ್ಲಿ ಹೈಸ್ಕೂಲು ಮುಗಿಸುವ ಗಂಡುಮಕ್ಕಳ ಪ್ರಮಾಣ ಹೆಚ್ಚಿದ್ದು ಕಂಡುಬಂದಿದೆ. ಆದರೆ ಕೆಂಟುಕಿಯ ಸುಪ್ರೀಂ ಕೋರ್ಟು 2003ರಲ್ಲಿ ತನ್ನ ರಾಜ್ಯದ ಕಾನೂನನ್ನು ಒಪ್ಪಲಿಲ್ಲ ಎಂಬುದನ್ನೂ ಗಮನಿಸಬೇಕು. ದಾರಿ ತಪ್ಪಿದ ಮಕ್ಕಳಿಗೆ ಬದಲಿ ಶಿಕ್ಷಣದ ವ್ಯವಸ್ಥೆ ಇರುವ ಪ್ರದೇಶಗಳಿಗೆ ಮಾತ್ರ ಆ ಕಾನೂನು ಅನ್ವಯವಾಗುತ್ತಿತ್ತು; ಒಂದು ಕಡೆಯ ಮಗುವಿಗೆ ಶಿಕ್ಷೆ, ಪಕ್ಕದ ಪ್ರದೇಶದ ಮಗುವಿಗೆ ಇಲ್ಲ ಎಂಬುದು ಸಮಾನತೆಗೆ ಒಪ್ಪುವ ಮಾತಲ್ಲ ಎಂದು ನ್ಯಾಯಾಲಯ ಹೇಳಿತು. 2007ರಲ್ಲಿ ಅದನ್ನು ತಿದ್ದಿ ಮತ್ತೆ ಜಾರಿಗೆ ತರಬೇಕಾಯಿತು. ಊರೂರಿಗೂ ಅನುಕೂಲ ಬೇರೆಬೇರೆಯಾಗಿರುವಾಗ ಎಲ್ಲರಿಗೂ ಒಂದೇ ಅಳತೆಗೋಲು ಹಿಡಿಯುವುದು ನ್ಯಾಯವೇ ಎಂಬ ಪ್ರಶ್ನೆ ಅಲ್ಲಿಗಿಂತ ನಮ್ಮಲ್ಲಿ ಹತ್ತು ಪಾಲು ದೊಡ್ಡದು. ಅದಕ್ಕೆ ಆಮೇಲೆ ಬರುತ್ತೇನೆ.

ಅಲ್ಲಿಗೂ ಇಲ್ಲಿಗೂ ಇರುವ ಮೂಲ ವ್ಯತ್ಯಾಸ ವಯಸ್ಸಿನದು. ಅಮೆರಿಕದ ಬಹುತೇಕ ಕಡೆ ಹದಿನಾರಕ್ಕೆಲ್ಲ ಕಾರಿನ ಲೈಸೆನ್ಸು ಕೈಗೆ ಬರುತ್ತದೆ, ಆ ಹೊತ್ತಿಗೆ ಹುಡುಗ ಇನ್ನೂ ಹೈಸ್ಕೂಲಿನಲ್ಲಿರುತ್ತಾನೆ, ಹಾಗಾಗಿ ಶಾಲೆಯ ಕೈಯಲ್ಲಿ ಒಂದು ಹಗ್ಗ ಇರುತ್ತದೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ಗಾಡಿ ಓಡಿಸಲು ಹದಿನೆಂಟು ತುಂಬಿರಬೇಕು. ಹದಿನಾರಕ್ಕೆ ಸಿಗುವುದು ಐವತ್ತು ಸಿಸಿ ಮೀರದ ಇಂಜಿನ್ನಿನ, ಗೇರಿಲ್ಲದ ಗಾಡಿಯ ಪರವಾನಗಿ ಮಾತ್ರ, ಅದೂ ಪೋಷಕರು ಲಿಖಿತವಾಗಿ ಒಪ್ಪಿಗೆ ಕೊಟ್ಟರೆ. ಲೂನಾ, ಸನ್ನಿ, ಹಳೆಯ ಟಿವಿಎಸ್ ಫಿಫ್ಟಿ ಓಡುತ್ತಿದ್ದ ಕಾಲದಲ್ಲಿ ಈ ರಿಯಾಯಿತಿಗೆ ಅರ್ಥವಿತ್ತು. ಈಗ ನಮ್ಮ ತೋಟದ ಮನೆಗಳಲ್ಲಿ ಗೊಬ್ಬರದ ಚೀಲದಿಂದ ಹಿಡಿದು ಹಾಲಿನ ಕ್ಯಾನಿನವರೆಗೆ ಎಲ್ಲವನ್ನೂ ಹೊರುವ ಎಕ್ಸೆಲ್ ಕೂಡ ನೂರು ಸಿಸಿಯ ಆಸುಪಾಸಿನದು. ಹದಿನಾರರ ಹುಡುಗ ಕಾನೂನುಬದ್ಧವಾಗಿ ಓಡಿಸಬಹುದಾದ ಪೆಟ್ರೋಲ್ ಗಾಡಿ ನಮ್ಮ ಪೇಟೆಗಳ ಶೋರೂಮುಗಳಲ್ಲಿ ಕಾಣುವುದೇ ಇಲ್ಲ. ಅಂದರೆ ಪಿಯುಸಿ ಓದುವ ಹದಿನಾರು ಹದಿನೇಳರ ಮಕ್ಕಳಲ್ಲಿ ಲೈಸೆನ್ಸು ಇರುವವರೇ ಇಲ್ಲ ಎನ್ನಬಹುದು. ಕೊಡದೇ ಇರುವ ಲೈಸೆನ್ಸನ್ನು ಕಿತ್ತುಕೊಳ್ಳುವುದು ಹೇಗೆ? ಹದಿನೆಂಟು ತುಂಬಿ ಅರ್ಜಿ ಹಾಕುವ ಹೊತ್ತಿಗೆ ಹೆಚ್ಚಿನವರ ಪಿಯುಸಿ ಮುಗಿದಿರುತ್ತದೆ ಅಥವಾ ಅರ್ಧಕ್ಕೆ ನಿಂತಿರುತ್ತದೆ. ಸಕ್ರೆಬೈಲಿನ ರಸ್ತೆಯಲ್ಲಿ ತಿರುಗುತ್ತಿದ್ದಾರೆಂದು ಪತ್ರದಲ್ಲಿ ಬರೆದ ಹುಡುಗರು ಸವಾರಿ ಮಾಡುತ್ತಿರುವುದು ಪರವಾನಗಿಯ ಬಲದಿಂದಲ್ಲ, ಅಪ್ಪ ಕೊಟ್ಟ ಕೀಲಿಯ ಬಲದಿಂದ.

ಇನ್ನೊಂದು ಮಾತು. ಲೈಸೆನ್ಸಿಗೂ ಓದಿಗೂ ಗಂಟು ಹಾಕಿ ನೋಡಿದ ಅನುಭವ ನಮ್ಮ ದೇಶಕ್ಕೇ ಇದೆ. ಲಾರಿ, ಬಸ್ಸು, ಟ್ಯಾಕ್ಸಿಯಂಥ ಸಾರಿಗೆ ವಾಹನ ಓಡಿಸುವವರು ಕನಿಷ್ಠ ಎಂಟನೇ ತರಗತಿ ಪಾಸಾಗಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 8ನೇ ನಿಯಮ ಹೇಳುತ್ತಿತ್ತು. ಹರಿಯಾಣದ ಮೇವಾತ್ ಪ್ರದೇಶದಲ್ಲಿ ಗಾಡಿ ಓಡಿಸಿಯೇ ಹೊಟ್ಟೆ ಹೊರೆಯುವ, ಆದರೆ ಓದಿಲ್ಲದ ಜನ ಬಹಳವಿದ್ದಾರೆ, ಅವರಿಗೆ ಈ ನಿಯಮ ಮುಳುವಾಗಿದೆ ಎಂದು ಅಲ್ಲಿನ ಸರ್ಕಾರ ಕೇಳಿಕೊಂಡ ಮೇಲೆ 2019ರಲ್ಲಿ ಕೇಂದ್ರ ಸರ್ಕಾರ ಆ ಷರತ್ತನ್ನೇ ತೆಗೆದುಹಾಕಿತು. ಬೇಕಾದದ್ದು ಚಾಲನೆಯ ತರಬೇತಿ ಮತ್ತು ಕಟ್ಟುನಿಟ್ಟಾದ ಪರೀಕ್ಷೆ, ಶಾಲೆಯ ಸರ್ಟಿಫಿಕೇಟಲ್ಲ ಎಂಬುದು ಆಗ ಒಪ್ಪಿತವಾದ ಮಾತು. ನಮ್ಮ ಕಡೆಗೂ ಇದು ಸಲ್ಲುತ್ತದೆ. ಪಿಯುಸಿಯಲ್ಲಿ ಲೆಕ್ಕಶಾಸ್ತ್ರದಲ್ಲೋ ಇಂಗ್ಲಿಷಿನಲ್ಲೋ ಕುಸಿದ ಹುಡುಗ ಆಮೇಲೆ ಅಡಿಕೆ ಮಂಡಿಗೆ ಪಿಕಪ್ ಓಡಿಸುತ್ತಾನೆ, ಪೇಟೆಯಲ್ಲಿ ಆಟೋ ಓಡಿಸುತ್ತಾನೆ, ಜೋಗಕ್ಕೋ ಸಿಗಂದೂರಿಗೋ ಪ್ರವಾಸಿಗರನ್ನು ಕರೆದೊಯ್ಯುತ್ತಾನೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಪದ್ಧತಿ ಬಂದು ಪಾಸಾಗುವ ಅವಕಾಶ ಹೆಚ್ಚಿದ್ದರೂ ದಾಟಲಾಗದ ಮಕ್ಕಳು ಪ್ರತಿ ವರ್ಷ ಇದ್ದೇ ಇರುತ್ತಾರೆ. ಓದಿನ ಬಾಗಿಲು ಮುಚ್ಚಿದವನಿಗೆ ದುಡಿಮೆಯ ಬಾಗಿಲನ್ನೂ ನಾವೇ ಮುಚ್ಚಬೇಕೆ?

ಅಂಕಕ್ಕೂ ಗಾಡಿಗೂ ಗಂಟು ಹಾಕುವುದು ನಮ್ಮ ಮನೆಗಳಲ್ಲಿ ಈಗಾಗಲೇ ನಡೆದಿದೆ, ಮತ್ತು ಅದರ ಫಲವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಯಾವುದಾದರೂ ಬೈಕ್ ಶೋರೂಮಿನ ಮುಂದೆ ಹೋಗಿ ನಿಂತರೆ ಗೊತ್ತಾಗುತ್ತದೆ. ‘ಡಿಸ್ಟಿಂಕ್ಷನ್ ಬಂದರೆ ಬೈಕು’ ಎಂದು ಮಾತು ಕೊಟ್ಟ ಅಪ್ಪಂದಿರು ಹದಿನಾರರ ಮಗನ ಜೊತೆ ಬಂದು, ಹ್ಯಾಂಡಲ್ಲಿಗೆ ಹೂವಿನ ಹಾರ ಹಾಕಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡಿಸಿ, ಮಗನ ಕೈಗೇ ಕೀಲಿ ಕೊಡುತ್ತಾರೆ. ನನ್ನ ತರಗತಿಯಲ್ಲಿ ಹಾಗೆ ಬಹುಮಾನದ ಬೈಕಿನಲ್ಲಿ ಬರುತ್ತಿದ್ದ ಒಬ್ಬ ಹುಡುಗನಿದ್ದ. ಶೇಕಡಾ ತೊಂಬತ್ತೆರಡು ಅಂಕ, ಮೊದಲ ಬೆಂಚು, ಒಂದು ದಿನವೂ ಗೈರಿಲ್ಲ. ಮಳೆಗಾಲದ ಒಂದು ಸಂಜೆ ಟ್ಯೂಷನ್ ಮುಗಿಸಿ ಮನೆಗೆ ಹೋಗುವಾಗ, ಮರದ ನೆರಳಿಗೆ ಬಿಸಿಲೇ ಕಾಣದೆ ಪಾಚಿ ಕಟ್ಟಿದ ಒಂದು ತಿರುವಿನಲ್ಲಿ ಇನ್ನೂರು ಸಿಸಿಯ ಆ ಬೈಕು ಜಾರಿ ಎದುರಿನ ಜೀಪಿನಡಿಗೆ ಹೋಯಿತು. ಮಾರನೆಯ ದಿನ ಮಣಿಪಾಲದ ಆಸ್ಪತ್ರೆಯಲ್ಲಿ ಅವನನ್ನು ನೋಡಲು ಹೋದಾಗ, ಮಂಡಿಯಿಂದ ಕೆಳಗೆ ಹೊದಿಕೆ ಚಪ್ಪಟೆಯಾಗಿ ಹಾಸಿಗೆಗೆ ಅಂಟಿಕೊಂಡದ್ದನ್ನು ನೋಡಿ ನನಗೆ ವಿಷಯ ತಿಳಿಯಿತು, ಯಾರೂ ಹೇಳಬೇಕಾಗಲಿಲ್ಲ. ಅವನ ಅಪ್ಪ ವರಾಂಡದಲ್ಲಿ ನನ್ನ ಕೈ ಹಿಡಿದುಕೊಂಡು, ‘ಸರ್, ಅಷ್ಟು ಚೆನ್ನಾಗಿ ಓದೋ ಹುಡುಗ, ಜವಾಬ್ದಾರಿ ಇರ್ತದೆ ಅಂದ್ಕೊಂಡೆ’ ಎಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಕಳೆದ ವಾರದ ಪತ್ರದ ಬುಡದಲ್ಲಿರುವುದೂ ಅದೇ ನಂಬಿಕೆಯೇ. ತಿರುವಿನ ಪಾಚಿಗೆ ಅಂಕಪಟ್ಟಿ ಗೊತ್ತಾಗುವುದಿಲ್ಲ. ಓದಿನಲ್ಲಿ ಮುಂದಿರುವವನಿಗೆ ಗಾಡಿ ಕೊಡಬಹುದು ಎಂದು ಸರ್ಕಾರವೇ ಮುದ್ರೆ ಒತ್ತಿದರೆ, ಆ ತಂದೆ ಮಾಡಿದ ತಪ್ಪನ್ನು ಊರೂರಿನಲ್ಲಿ ಮಾಡಿಸಿದಂತಾಗುತ್ತದೆ.

ಈಗ ಹಾಜರಾತಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಪೇಟೆಯಲ್ಲಿ ಕುಳಿತು ಯೋಚಿಸುವುದಕ್ಕೂ ಕಾಡಿನ ನಡುವೆ ನಿಂತು ಯೋಚಿಸುವುದಕ್ಕೂ ಬಹಳ ಅಂತರವಿದೆ. ಶಿವಮೊಗ್ಗದಲ್ಲಿ ಸವಳಂಗ ರಸ್ತೆಯ ಹುಡುಗ ಕಾಲೇಜು ತಪ್ಪಿಸಿದರೆ ಅದು ಅವನ ತಪ್ಪೇ ಇರಬಹುದು. ನಗರ ಹೋಬಳಿಯ ಒಳಗಿನ ಮಜರೆಯಲ್ಲಿ ಮನೆಗೂ ಮನೆಗೂ ನಡುವೆ ಗುಡ್ಡವೊಂದು, ಹಳ್ಳವೊಂದು ಇರುತ್ತದೆ. ಬೆಳಿಗ್ಗೆ ಏಳೂವರೆಗೆ ಒಂದು ಬಸ್ಸು. ಅದು ತಪ್ಪಿದರೆ ಮುಂದಿನದು ಹತ್ತೂ ಕಾಲಿಗೆ, ಅಷ್ಟರಲ್ಲಿ ಎರಡನೇ ಪೀರಿಯಡ್ಡು ಮುಗಿದಿರುತ್ತದೆ. ಘಟ್ಟದ ದಾರಿಯಲ್ಲಿ ಮರ ಬಿದ್ದರೆ ಏಳೂವರೆಯದ್ದೂ ಇಲ್ಲ. ಜಿಲ್ಲಾಧಿಕಾರಿಗಳು ಮಳೆಯ ರಜೆ ಕೊಟ್ಟ ದಿನ ಹಾಜರಾತಿಗೆ ಲೆಕ್ಕಕ್ಕಿಲ್ಲ, ಸರಿ. ಆದರೆ ರಜೆ ಇಲ್ಲದ ದಿನವೂ ಕಾಲುಸಂಕದ ಮೇಲೆ ನೀರು ಹರಿಯುತ್ತಿರುತ್ತದೆ, ಕಾಲೇಜು ನಡೆಯುತ್ತಿರುತ್ತದೆ, ಪುಸ್ತಕದಲ್ಲಿ ಹುಡುಗಿಯ ಹೆಸರಿನ ಮುಂದೆ ನಾನೇ ಗೈರು ಹಾಕಿರುತ್ತೇನೆ. ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳಾದ್ದರಿಂದ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಮುಖ್ಯರಸ್ತೆ ಸಿಕ್ಕಿದ ಮೇಲೆ ಮಾತ್ರ ಶುರುವಾಗುತ್ತದೆ. ಕಾರ್ಮಿಕರೇ ಕಟ್ಟಿ ನಡೆಸುತ್ತಿದ್ದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋದಾಗ ಮಲೆನಾಡಿನ ಹಲವು ಹಳ್ಳಿಗಳ ಮಕ್ಕಳಿಗೆ ಎಂಥ ಪೆಟ್ಟು ಬಿತ್ತೆಂಬುದನ್ನು ಆ ದಾರಿಗಳಲ್ಲಿ ಓಡಾಡಿದವರೆಲ್ಲ ಬಲ್ಲರು. 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂದಾಗ ನಾವೆಲ್ಲ ಸಂತೋಷಪಟ್ಟಿದ್ದೆವು. ನಮ್ಮ ಏರುದಾರಿಗಳಲ್ಲಿ ಮಕ್ಕಳು ಅರ್ಧ ದೂರ ಸೈಕಲ್ಲನ್ನು ತಳ್ಳಿಕೊಂಡೇ ಹೋಗಬೇಕಿತ್ತು, ಆದರೂ ಅದೊಂದು ಆಸರೆಯಾಗಿತ್ತು; ಕೋವಿಡ್ ಕಾಲಕ್ಕೆ ಅದೂ ನಿಂತಿತು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ದ್ವಿತೀಯ ಪಿಯುಸಿಯ ಒಬ್ಬ ಹುಡುಗನ ಹಾಜರಾತಿ ಅಕ್ಟೋಬರ್ ಹೊತ್ತಿಗೆ ಶೇ 61ಕ್ಕೆ ಇಳಿದಿತ್ತು. ಕರೆದು ಗದರಿದೆ. ಅವನು ತಲೆ ತಗ್ಗಿಸಿ ನಿಂತ. ಒದ್ದೆ ಪ್ಯಾಂಟಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಹಿಮ್ಮಡಿಯ ಹತ್ತಿರ ಉಂಬಳ ಕಚ್ಚಿದ ಜಾಗದಿಂದ ರಕ್ತ ಇಳಿದು ಸ್ಟಾಫ್ ರೂಮಿನ ನೆಲದ ಮೇಲೆ ಸಣ್ಣ ಗೆರೆಯಾಗಿತ್ತು. ಬಸ್ಸು ಸಿಗುವ ಜಾಗಕ್ಕೆ ಐದು ಕಿಲೋಮೀಟರ್ ನಡೆಯಬೇಕು, ಅಪ್ಪನಿಗೆ ಮಂಗನ ಕಾಯಿಲೆಯ ಜ್ವರ ಬಂದು ಹೋದಾಗಿನಿಂದ ಸುಸ್ತು, ಬೆಳಗಿನ ಹಾಲು ಕರೆದು ಕೊಟ್ಟಿಗೆ ಕೆಲಸ ಮುಗಿಸಿಯೇ ಹೊರಡಬೇಕು ಎಂದು ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟ. ಮುಂದಿನ ತಿಂಗಳು ಅವನು ಮಾವನ ಎಕ್ಸೆಲ್ಲಿನಲ್ಲಿ ಬರತೊಡಗಿದ. ಹಿಂದೆ ಒಂಬತ್ತನೇ ತರಗತಿಯ ತಂಗಿ, ಇಬ್ಬರ ಚೀಲವೂ ಗೊಬ್ಬರದ ಪ್ಲಾಸ್ಟಿಕ್ಕಿನೊಳಗೆ. ಹಾಜರಾತಿ ಮೇಲೆ ಬಂತು, ಹುಡುಗ ಪಾಸಾದ. ಅವನಿಗಾಗ ಹದಿನೇಳು ವರ್ಷ, ಲೈಸೆನ್ಸಿಲ್ಲ, ತಲೆಗೆ ಹೆಲ್ಮೆಟ್ಟಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಅವರಿಬ್ಬರಿಗೆ ಏನಾದರೂ ಆಗಿದ್ದರೆ ಅದರಲ್ಲಿ ನನ್ನ ಪಾಲೂ ಇರುತ್ತಿತ್ತು ಎಂಬ ಯೋಚನೆ ನಿವೃತ್ತನಾದ ಮೇಲೂ ನನ್ನನ್ನು ಬಿಟ್ಟಿಲ್ಲ. ಅವನು ಮಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಆದರೆ ಹಾಜರಾತಿ ಕಡಿಮೆ ಇದ್ದ ಕಾರಣಕ್ಕೆ ಇಂಥವನಿಗೆ ಹದಿನೆಂಟಾದ ಮೇಲೂ ಪರವಾನಗಿ ಕೊಡುವುದಿಲ್ಲ ಎಂದರೆ, ಬರಲಾಗದ್ದಕ್ಕೆ ಶಿಕ್ಷೆಯಾಗಿ ಬರುವ ದಾರಿಯನ್ನೇ ಕಡಿದಂತೆ. ಹಾಜರಾತಿ ಕೊರತೆಗೆ ಶಿಕ್ಷೆ ಈಗಲೂ ಇದೆ: ಶೇ 75 ಇಲ್ಲದವರ ಹೆಸರು ಶಾರ್ಟೇಜ್ ಪಟ್ಟಿಯಲ್ಲಿ ಬರುತ್ತದೆ, ಹಾಲ್ ಟಿಕೆಟ್ ಸಿಗುವುದಿಲ್ಲ. ಅದರ ಮೇಲೆ ಇನ್ನೊಂದು ಬೇಡ.

ಅಡಿಕೆಯ ಕೊನೆಕೊಯ್ಲಿನ ಕಾಲದ ಗೈರುಹಾಜರಿ ಬೇರೆ ಬಗೆಯದು. ಆಳು ಸಿಗದೆ ಮಕ್ಕಳನ್ನು ಅಡಿಕೆ ಸುಲಿಯಲು, ಚಪ್ಪರದ ಮೇಲೆ ಹರವಲು ಮನೆಯಲ್ಲಿ ನಿಲ್ಲಿಸಿಕೊಳ್ಳುವುದು ಪೋಷಕರೇ. ಅದಕ್ಕೂ ಹುಡುಗನ ಲೈಸೆನ್ಸಿಗೂ ಯಾವ ಸಂಬಂಧವೂ ಇಲ್ಲ.

ಹಾಗಾದರೆ ಸುಮ್ಮನೆ ಕೂರಬೇಕೆ ಎಂದು ಆ ಪೋಷಕರು ಕೇಳಬಹುದು. ಖಂಡಿತ ಅಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಸೆಕ್ಷನ್ ಸಾಕಷ್ಟು ಕಠಿಣವಾಗಿದೆ. ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ತಪ್ಪೆಸಗಿದರೆ ಪೋಷಕರು ಅಥವಾ ಮಾಲೀಕರೇ ತಪ್ಪಿತಸ್ಥರು, ಅವರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು, ಆ ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಕಲಿಕಾ ಪರವಾನಗಿಯೂ ಇಲ್ಲ. ಅಪಘಾತವಾದರೆ ವಿಮಾ ಕಂಪನಿ ಎದುರಿನವರಿಗೆ ಕೊಟ್ಟ ಪರಿಹಾರವನ್ನು ಗಾಡಿಯ ಮಾಲೀಕರಿಂದಲೇ ವಸೂಲಿ ಮಾಡುತ್ತದೆ; ಆ ಮೊತ್ತಕ್ಕೆ ಅರ್ಧ ಎಕರೆ ತೋಟ ಹೋದದ್ದನ್ನು ನಾನು ನೋಡಿದ್ದೇನೆ. ಜಿಲ್ಲೆಯ ನ್ಯಾಯಾಲಯಗಳು ಮಕ್ಕಳ ಕೈಗೆ ಬೈಕು ಕೊಟ್ಟವರಿಗೆ ಇಪ್ಪತ್ತೈದು ಸಾವಿರ ದಂಡ ಹಾಕಿದ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಆಗಾಗ ಬರುತ್ತದೆ. ಆದರೆ ಬಹುಮಾನದ ಬೈಕು ಕೊಡಿಸುವ ಅಪ್ಪಂದಿರಲ್ಲಿ ಹೆಚ್ಚಿನವರಿಗೆ ಇದು ದಂಡದ ಚೀಟಿ ಕೈಗೆ ಬಂದ ಮೇಲೆಯೇ ತಿಳಿಯುವುದು. ಪ್ರಥಮ ಪಿಯುಸಿಯ ದಾಖಲಾತಿಗೆ ತಂದೆತಾಯಿ ಹೇಗೂ ಕಾಲೇಜಿಗೆ ಬರುತ್ತಾರೆ. ಅದೇ ದಿನ, ಶುಲ್ಕದ ರಸೀದಿ ಕೊಡುವಾಗ, ಈ ಸೆಕ್ಷನ್ನನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಓದಿ ಹೇಳಿ ಸಹಿ ಪಡೆಯುವುದಕ್ಕೆ ಯಾವ ಹೊಸ ಕಾನೂನೂ ಬೇಕಿಲ್ಲ. ಹಾಜರಾತಿ ಇಳಿದಾಗ ಮನೆಗೆ ಪತ್ರ ಹೋಗುವ ಪದ್ಧತಿ ಇದೆಯಲ್ಲ, ಅದನ್ನು ವರ್ಷದ ಕೊನೆಗೆ ಶಾಸ್ತ್ರಕ್ಕೆ ಕಳಿಸುವ ಬದಲು ತಿಂಗಳು ತಿಂಗಳಿಗೆ ಕಳಿಸಿದರೆ ಕೀಲಿಯನ್ನು ಕೊಡಬೇಕೋ ಬೇಡವೋ ಎಂಬುದನ್ನು ಮನೆಯವರೇ ತೀರ್ಮಾನಿಸಬಲ್ಲರು. ಕಾಲೇಜು ತಪ್ಪಿಸಿ ತಿರುಗುವ ಮಗನ ಬೈಕಿನ ಕೀಲಿಯನ್ನು ಅಪ್ಪ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ನಾನು ಅವರ ಪರ. ಆ ಅಧಿಕಾರ ಮನೆಯದ್ದು, ಆರ್‌ಟಿಒ ಕಚೇರಿಯದ್ದಲ್ಲ.

ಹದಿನೆಂಟು ತುಂಬಿದವರ ಕಡೆಗೂ ಗಮನ ಬೇಕು. ನಮ್ಮ ಹುಡುಗರು ಕಲಿಕಾ ಪರವಾನಗಿಗೆಂದು ಶಿವಮೊಗ್ಗಕ್ಕೋ ಸಾಗರಕ್ಕೋ ಹೋಗಲು ಒಂದು ದಿನದ ತರಗತಿ ಬಿಡುತ್ತಾರೆ, ಮತ್ತೆ ಚಾಲನಾ ಪರೀಕ್ಷೆಗೆ ಇನ್ನೊಂದು ದಿನ. ಕೆಲವರು ಆ ತಾಪತ್ರಯವೇ ಬೇಡವೆಂದು ವರ್ಷಗಟ್ಟಲೆ ಲೈಸೆನ್ಸಿಲ್ಲದೆ ಓಡಿಸುತ್ತಾರೆ. ಪ್ರಾದೇಶಿಕ ಸಾರಿಗೆ ಅಧಿಕಾರಿಗಳು ವರ್ಷಕ್ಕೆ ಎರಡು ಸಲ ತಾಲ್ಲೂಕು ಕೇಂದ್ರದ ಕಾಲೇಜುಗಳಲ್ಲೇ ಕಲಿಕಾ ಪರವಾನಗಿಯ ಶಿಬಿರ ನಡೆಸಲಿ. ಅಲ್ಲಿ ಬರಿಯ ಸಿಗ್ನಲ್ ಚಿಹ್ನೆಗಳ ಪ್ರಶ್ನೋತ್ತರ ಮಾಡಿಸಿದರೆ ಸಾಲದು. ಪಾಚಿಗಟ್ಟಿದ ತಿರುವು, ಮಂಜಿನಲ್ಲಿ ಹೆಡ್‌ಲೈಟು, ಇಳಿಜಾರಿನಲ್ಲಿ ಗೇರು ಬಿಡದೆ ಇಳಿಯುವುದು, ರಸ್ತೆಗೆ ಅಡ್ಡ ಬರುವ ದನ ಮತ್ತು ಕಾಡುಕೋಣ ಎಂದು ಮಲೆನಾಡಿನ ರಸ್ತೆಯನ್ನೇ ಮುಂದಿಟ್ಟು ಪಾಠ ಮಾಡುವವರು ಬೇಕು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಮೂವತ್ತು ವರ್ಷ ಬಸ್ಸು ಇಳಿಸಿ ಹತ್ತಿಸಿದ ಹಿರಿಯ ಚಾಲಕರು ನಮ್ಮ ನಡುವೆಯೇ ಇದ್ದಾರೆ. ಅವರನ್ನು ಕರೆದು ಒಂದು ಗಂಟೆ ಮಾತಾಡಿಸಿದರೆ ಮಕ್ಕಳು ಯಾವ ಭಾಷಣಕ್ಕೂ ಕೊಡದ ಕಿವಿ ಕೊಡುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದ ಕೋರಿಕೆ ಬಸ್ಸಿನದು. ಇದು ದೊಡ್ಡ ಖರ್ಚಿನ ಮಾತೂ ಅಲ್ಲ. ಕಾಲೇಜುಗಳ ಹಾಜರಾತಿ ಪುಸ್ತಕಗಳನ್ನು ಊರುವಾರು ಇಟ್ಟು ನೋಡಿದರೆ, ಯಾವ ದಾರಿಯ ಮಕ್ಕಳು ಮೊದಲ ಪೀರಿಯಡ್ಡಿಗೆ ನಿರಂತರವಾಗಿ ತಪ್ಪುತ್ತಿದ್ದಾರೆಂಬುದು ಅರ್ಧ ದಿನದಲ್ಲಿ ತಿಳಿಯುತ್ತದೆ. ನಾನು ಸೇವೆಯಲ್ಲಿದ್ದಾಗ ಒಮ್ಮೆ ಹೀಗೆ ಪಟ್ಟಿ ಮಾಡಿದ್ದೆ: ಶಾರ್ಟೇಜಿನಲ್ಲಿದ್ದ ಇಪ್ಪತ್ತಮೂರು ಮಕ್ಕಳಲ್ಲಿ ಹದಿನಾಲ್ಕು ಮಂದಿ ಒಂದೇ ಬಸ್ಸಿನ ದಾರಿಯವರಾಗಿದ್ದರು. ಪದವಿಪೂರ್ವ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಜಿಲ್ಲೆಯ ಎಲ್ಲ ಕಾಲೇಜುಗಳಿಂದ ಅಂಥ ಪಟ್ಟಿ ತರಿಸಿಕೊಂಡು ಜಿಲ್ಲಾಡಳಿತದ ಮುಂದಿಡಲಿ, ಸಾರಿಗೆ ಸಂಸ್ಥೆ ಮತ್ತು ಖಾಸಗಿ ಬಸ್ಸಿನ ಮಾಲೀಕರನ್ನು ಒಟ್ಟಿಗೆ ಕೂರಿಸಿ ಜೂನ್ ಒಂದರೊಳಗೆ ಸಮಯಗಳನ್ನು ಹೊಂದಿಸಲಿ. ನಗರ ಹೋಬಳಿಯ ಆ ದಾರಿಯಲ್ಲಿ ಏಳೂವರೆಯ ಬಸ್ಸಿನ ಜೊತೆಗೆ ಎಂಟೂಕಾಲಿಗೆ ಇನ್ನೊಂದು ಬೇಕು, ಸಂಜೆ ನಾಲ್ಕೂವರೆಗೆ ಹೊರಡುವುದು ಪ್ರಾಕ್ಟಿಕಲ್ ಇರುವ ದಿನಗಳಲ್ಲಿ ಐದಕ್ಕೆ ಹೊರಡಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಉಪನ್ಯಾಸಕ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ